ಕಳ್ಳರಿಲ್ಲದೆಯೂ ಕೂಗುವ ಅಲಾರಂ ಪ್ಯಾನೆಲ್

ಪ್ರಶ್ನೆ: ಎರಡು ಮಹಡಿಯ ಮನೆಗೆ ಎಂಟು ಜೋನ್‌ಗಳ (ಬೇರೆ ಬೇರೆಯಾಗಿ ಕಾವಲಿರುವ ಎಂಟು ಲೈನ್‌ಗಳ) ಬರ್ಗ್ಲರ್ ಅಲಾರಂ ಪ್ಯಾನೆಲನ್ನು ನಾನೇ ವೈರ್ ಎಳೆದು ಕೂರಿಸಿದ್ದೇನೆ. ನಾಲ್ಕು ಬಾಗಿಲಿಗೆ ಮ್ಯಾಗ್ನೆಟಿಕ್ ಕಾಂಟ್ಯಾಕ್ಟ್, ಓಡಾಟ ಗುರುತಿಸುವ ನಾಲ್ಕು ಪಿಐಆರ್ ಸೆನ್ಸರ್, ಎರಡು ಕೀಪ್ಯಾಡ್, ಹೊರಗೋಡೆಗೆ ಸ್ವಂತ ಬ್ಯಾಟರಿಯಿರುವ ಸೈರನ್. ಜೊತೆಗೆ ಬಂದ 4.7 ಕಿಲೋಓಮ್ ರೆಸಿಸ್ಟರ್‌ಗಳನ್ನು ಪ್ಯಾನೆಲ್ ಡಬ್ಬಿಯೊಳಗೇ ಒಂದೊಂದು ಜೋನಿಗೆ ಸೀರೀಸ್ ಆಗಿ ಹಾಕಿದ್ದೇನೆ. ಎಲ್ಲಿ ಹಾಕಿದರೂ ಒಂದೇ ಎಂದು ಪರಿಚಯದ ಎಲೆಕ್ಟ್ರಿಷಿಯನ್ ಹೇಳಿದರು. ಮೇಲ್ಮಹಡಿಗೆ 45 ಮೀಟರ್ ಕೇಬಲ್. ಅಲ್ಲಿನ ಎರಡು ಪಿಐಆರ್, ಕೀಪ್ಯಾಡ್, ಸೈರನ್ ಎಲ್ಲಕ್ಕೂ ಒಂದೇ ಜೋಡಿ ತಂತಿಯಿಂದ ಸಪ್ಲೈ. ಕೊನೆಯ ಸ್ವಲ್ಪ ದೂರ ಕೇಬಲ್ ಎ.ಸಿ.ಯ ಪವರ್ ವೈರ್ ಇರುವ ಪೈಪಿನಲ್ಲೇ ಹೋಗಿದೆ. ಮೇಲಿನ ಮೂರನೇ ಜೋನಿನ ಪಿಐಆರ್ ವಾರಕ್ಕೆ ಎರಡು ಸಲವಾದರೂ ನಡುರಾತ್ರಿ ಎಬ್ಬಿಸುತ್ತದೆ. ಒಮ್ಮೆ ಕೂಗಿದರೆ ಪಕ್ಕದ ಜೋನೂ ಸೇರಿಕೊಳ್ಳುತ್ತದೆ. ಕರೆಂಟ್ ಹೋದರೆ ಎರಡು ಗಂಟೆಯೊಳಗೆ ಪ್ಯಾನೆಲ್ ಆಫ್ ಆಗಿ ಸೈರನ್ ತಾನೇ ಶುರುವಾಗುತ್ತದೆ. ಪ್ಯಾನೆಲ್, ಬ್ಯಾಟರಿ ಕೊಂಡ ಮೇಲೆ ಒಂದೂವರೆ ವರ್ಷ ಪೆಟ್ಟಿಗೆಯಲ್ಲೇ ಇದ್ದವು. ಎಲ್ಲ ಕಿತ್ತು ವೈರ್‌ಲೆಸ್ ಹಾಕಿಸಿದರೆ ಸರಿಹೋದೀತೇ?

ಉತ್ತರ: ಕೀಳುವ ಯೋಚನೆ ಸದ್ಯಕ್ಕೆ ಬಿಡಿ. ನೀವು ಬರೆದಿರುವುದರಲ್ಲಿ ಪ್ಯಾನೆಲ್ ಕೆಟ್ಟಿರುವ ಲಕ್ಷಣ ಒಂದೂ ಇಲ್ಲ. ಮೂರು ಬೇರೆ ಬೇರೆ ದೋಷಗಳು ಒಂದರ ಮೇಲೊಂದು ಕೂತಿವೆ: ಸತ್ತ ಬ್ಯಾಟರಿ, ಮೇಲ್ಮಹಡಿಗೆ ಸಾಲದ ವೋಲ್ಟೇಜ್, ಮೂರನೇ ಜೋನಿನ ಪಿಐಆರ್ ಅಥವಾ ಅದರ ವೈರಿನ ತೊಂದರೆ. ರೆಸಿಸ್ಟರ್ ತಪ್ಪು ಜಾಗದಲ್ಲಿರುವುದು ನಾಲ್ಕನೆಯದು. ಅದರಿಂದ ರಾತ್ರಿ ಸದ್ದಾಗುತ್ತಿಲ್ಲ, ನಿಜ. ಆದರೆ ನಿಮ್ಮ ಅಲಾರಂ ಅರ್ಧ ಕುರುಡಾಗಿರುವುದು ಅದರಿಂದಲೇ. ಹಾಗಾಗಿ ಅದನ್ನೇ ಮೊದಲು ನೋಡೋಣ.

ಪ್ಯಾನೆಲ್‌ಗೆ ಬಾಗಿಲೂ ಗೊತ್ತಿಲ್ಲ, ಮನುಷ್ಯರೂ ಗೊತ್ತಿಲ್ಲ. ಪ್ರತಿ ಜೋನಿನ ಎರಡು ತಂತಿಯ ನಡುವೆ ಎಷ್ಟು ಓಮ್ ಇದೆ ಎಂದು ಅಳೆಯುತ್ತಾ ಕೂತಿರುವುದಷ್ಟೇ ಅದರ ಕೆಲಸ. ರೆಸಿಸ್ಟರನ್ನು ಲೈನಿನ ಕೊನೆಯಲ್ಲಿ, ಅಂದರೆ ಸೆನ್ಸರ್ ಡಬ್ಬಿಯೊಳಗೆ ಹಾಕಿದರೆ ಪ್ಯಾನೆಲ್ಲಿನಿಂದ ಸೆನ್ಸರ್‌ವರೆಗಿನ ಕೇಬಲ್ ಪೂರ್ತಿ ಕಾವಲಿನಲ್ಲಿರುತ್ತದೆ. ತಂತಿ ತುಂಡಾದರೆ ಅಳತೆ ಅನಂತ, ಎರಡು ತಂತಿ ಒಂದಕ್ಕೊಂದು ತಾಗಿದರೆ ಸೊನ್ನೆ. ಎರಡನ್ನೂ ಪ್ಯಾನೆಲ್ ಗುರುತಿಸುತ್ತದೆ. ನಿಮ್ಮ ಹಾಗೆ ಪ್ಯಾನೆಲ್ಲಿನಲ್ಲೇ ಹಾಕಿದರೆ, ಆಚೆ ಕೇಬಲ್ ಎಲ್ಲೇ ಶಾರ್ಟ್ ಆದರೂ ಪ್ಯಾನೆಲ್ಲಿಗೆ ಕಾಣುವುದು ಅದೇ 4.7 ಕಿಲೋಓಮ್, "ಎಲ್ಲ ಸರಿ" ಎಂಬ ಅಂಕಿ. ಯಾರಾದರೂ ಬೇಕೆಂದು ಎರಡು ತಂತಿ ಕೂಡಿಸಿದರೂ ಅಷ್ಟೇ, ಗೋಡೆಗೆ ಹೊಡೆದ ಮೊಳೆ ಕೇಬಲ್ಲಿಗೆ ಚುಚ್ಚಿಕೊಂಡರೂ ಅಷ್ಟೇ. ಆ ಜೋನ್ ಸತ್ತು ತಿಂಗಳುಗಳಾದರೂ ಕೀಪ್ಯಾಡ್‌ನಲ್ಲಿ ಹಸಿರು ದೀಪ ಉರಿಯುತ್ತಿರುತ್ತದೆ. "ಎಲ್ಲಿ ಹಾಕಿದರೂ ಒಂದೇ" ಎಂಬ ಮಾತು ಓಮ್ ಲೆಕ್ಕಕ್ಕೆ ಸರಿ, ಕಾವಲಿನ ಲೆಕ್ಕಕ್ಕೆ ತಪ್ಪು.

ನಿಮ್ಮ ಪ್ಯಾನೆಲ್ ಡಬಲ್ ಎಂಡ್ ಆಫ್ ಲೈನ್ (ಲೈನಿನ ಕೊನೆಯಲ್ಲಿ ಎರಡು ರೆಸಿಸ್ಟರ್ ಹಾಕುವ ವಿಧಾನ) ಒಪ್ಪುವುದಾದರೆ, ಮತ್ತು ಆ ವಿಧಾನಕ್ಕೆ ಅದರ ಕೈಪಿಡಿ 4.7 ಮತ್ತು 4.7 ಎಂದೇ ಹೇಳಿದ್ದರೆ, ಪಿಐಆರ್ ಒಳಗಿನ ಜೋಡಣೆ ಹೀಗೆ. ಮುಚ್ಚಳ ತೆಗೆದರೆ ಆರು ಟರ್ಮಿನಲ್ ಕಾಣುತ್ತವೆ: ಪ್ಲಸ್, ಮೈನಸ್, ಅಲಾರಂ ಕಾಂಟ್ಯಾಕ್ಟಿನ ಎರಡು, ಟ್ಯಾಂಪರ್‌ನ (ಮುಚ್ಚಳ ತೆಗೆದರೆ ತೆರೆದುಕೊಳ್ಳುವ ಸ್ವಿಚ್ಚಿನ) ಎರಡು. ಜೋನಿನ ಒಂದು ತಂತಿ ಟ್ಯಾಂಪರ್‌ನ ಮೊದಲ ಸ್ಕ್ರೂಗೆ. ಟ್ಯಾಂಪರ್‌ನ ಎರಡನೇ ಸ್ಕ್ರೂನಿಂದ ಅಲಾರಂನ ಮೊದಲ ಸ್ಕ್ರೂಗೆ ಒಂದು ರೆಸಿಸ್ಟರ್. ಅಲಾರಂನ ಎರಡು ಸ್ಕ್ರೂಗಳ ನಡುವೆ ಅಡ್ಡಲಾಗಿ ಇನ್ನೊಂದು ರೆಸಿಸ್ಟರ್. ಅಲಾರಂನ ಎರಡನೇ ಸ್ಕ್ರೂನಿಂದ ಜೋನಿನ ಉಳಿದ ತಂತಿ ವಾಪಸ್ ಪ್ಯಾನೆಲ್ಲಿಗೆ. ಸುಮ್ಮನಿರುವಾಗ ಅಲಾರಂ ಕಾಂಟ್ಯಾಕ್ಟ್ ಮುಚ್ಚಿರುವುದರಿಂದ ಅಡ್ಡ ರೆಸಿಸ್ಟರ್ ಲೆಕ್ಕಕ್ಕೇ ಬರುವುದಿಲ್ಲ, ಅಳತೆ 4.7. ಯಾರಾದರೂ ಓಡಾಡಿದರೆ ಕಾಂಟ್ಯಾಕ್ಟ್ ತೆರೆದು 9.4. ಮುಚ್ಚಳ ತೆಗೆದರೆ ಅಥವಾ ಕೇಬಲ್ ಕತ್ತರಿಸಿದರೆ ಅನಂತ. ಶಾರ್ಟ್ ಆದರೆ ಸೊನ್ನೆ. ಎರಡೇ ತಂತಿಯಲ್ಲಿ ನಾಲ್ಕು ಸುದ್ದಿ. ರೆಸಿಸ್ಟರ್ ಕಾಲುಗಳಿಗೆ ತೆಳು ಸ್ಲೀವ್ ಹಾಕಿ, ಇಲ್ಲದಿದ್ದರೆ ಮುಚ್ಚಳ ಒತ್ತಿದಾಗ ಅವು ಬೋರ್ಡಿಗೆ ತಾಗುತ್ತವೆ. ಬಾಗಿಲ ಕಾಂಟ್ಯಾಕ್ಟಿಗೂ ಇದೇ ಕ್ರಮ. ಒಳಗೆ ಜಾಗವಿಲ್ಲದಿದ್ದರೆ ಪಕ್ಕದಲ್ಲೇ ಚಿಕ್ಕ ಜಂಕ್ಷನ್ ಬಾಕ್ಸ್ ಕೂರಿಸಿ.

ಅಂದಾಜಿನ ಮೇಲೆ ರೆಸಿಸ್ಟರ್‌ನ ಓಮ್ ಅಳತೆ ಬದಲಿಸಬೇಡಿ. ಪ್ಯಾನೆಲ್‌ನಿಂದ ಪ್ಯಾನೆಲ್ಲಿಗೆ ಇದು ಬೇರೆ: ಡಿಎಸ್‌ಸಿ ಪವರ್‌ಸೀರೀಸ್‌ಗೆ 5.6 ಕಿಲೋಓಮ್, ಹನಿವೆಲ್ ವಿಸ್ಟಾಕ್ಕೆ 2, ಪ್ಯಾರಡಾಕ್ಸ್‌ಗೆ 1. ನಿಮ್ಮ 4.7ರ ಪಟ್ಟಿಗಳು ಹಳದಿ, ನೇರಳೆ, ಕೆಂಪು, 5.6ರವು ಹಸಿರು, ನೀಲಿ, ಕೆಂಪು. ಮಂದ ಬೆಳಕಿನಲ್ಲಿ ಇವು ಒಂದೇ ಥರ ಕಾಣುವುದರಿಂದ ಒಂದೊಂದನ್ನೂ ಮೀಟರಿಗೆ ಹಿಡಿದೇ ಹಾಕಿ. ವೈರಿಂಗ್ ಬದಲಿಸಿದ ಮೇಲೆ ಪ್ರೋಗ್ರಾಮಿಂಗ್‌ನಲ್ಲೂ ಜೋನನ್ನು ಡಬಲ್ ಎಂದು ಬದಲಿಸಬೇಕು. ಇದನ್ನು ಮರೆತರೆ ಓಡಾಟ ಯಾವುದು, ಮುಚ್ಚಳ ತೆಗೆದದ್ದು ಯಾವುದು ಎಂದು ಪ್ಯಾನೆಲ್ ಬೇರೆಬೇರೆಯಾಗಿ ಗುರುತಿಸಲಾರದು.

ಇನ್ನು ಬ್ಯಾಟರಿ. ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಸುಮ್ಮನೆ ಇಟ್ಟರೂ ತಾನೇ ಇಳಿಯುತ್ತದೆ. ಸಾಮಾನ್ಯ ಸೆಖೆಯಲ್ಲಿ ತಿಂಗಳಿಗೆ ನೂರಕ್ಕೆ ಮೂರರಷ್ಟು, ಬಿಸಿ ಜಾಗದಲ್ಲಿ ಇನ್ನೂ ಬೇಗ. ಇಳಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಉಳಿದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಂದಿನ ಶಕ್ತಿ ಬರುವುದಿಲ್ಲ. ಅಂಗಡಿಯಿಂದ ತಂದ ದಿನ ಹೊಸದಾಗಿದ್ದ ನಿಮ್ಮ ಬ್ಯಾಟರಿ ಪೆಟ್ಟಿಗೆಯೊಳಗೇ ಮುದಿಯಾಗಿದೆ. ಲೆಕ್ಕ ಹಾಕಿ ನೋಡಿ: ಬೋರ್ಡ್ 100 ಮಿಲಿಆಂಪ್, ಎರಡು ಕೀಪ್ಯಾಡ್ 100, ನಾಲ್ಕು ಪಿಐಆರ್ 12ರಂತೆ 48, ಸೈರನ್ ತನ್ನ ಬ್ಯಾಟರಿ ತುಂಬಿಸಿಕೊಳ್ಳಲು 25. ಒಟ್ಟು ಸುಮಾರು 273 ಮಿಲಿಆಂಪ್. 12 ವೋಲ್ಟ್, 7 ಆಂಪ್‌ಅವರ್ ಬ್ಯಾಟರಿ ಸರಿಯಿದ್ದರೆ ಇದನ್ನು ಒಂದು ದಿನ ನಡೆಸಬೇಕು. ಎರಡು ಗಂಟೆಗೆ ಮುಗಿಯಿತೆಂದರೆ ಅದರಲ್ಲಿ ಉಳಿದಿರುವುದು ಅರ್ಧ ಆಂಪ್‌ಅವರ್ ಚಿಲ್ಲರೆ, ಹತ್ತರಲ್ಲೊಂದು ಪಾಲೂ ಇಲ್ಲ. ಪ್ಯಾನೆಲ್ ಆಫ್ ಆದಾಗ ಸೈರನ್ ಕೂಗುವುದು ದೋಷವಲ್ಲ. ಸಪ್ಲೈ ತಪ್ಪಿದರೆ ಯಾರೋ ಕೇಬಲ್ ಕತ್ತರಿಸಿದ್ದಾರೆಂದು ತಿಳಿದು ಕೂಗುವಂತೆಯೇ ಅದನ್ನು ಮಾಡಿರುತ್ತಾರೆ.

ಹೊಸದನ್ನು ಕೊಳ್ಳುವಾಗ ತಯಾರಾದ ತಿಂಗಳು ನೋಡಿ, ಟರ್ಮಿನಲ್ ಅಗಲವನ್ನೂ ನೋಡಿ. 4.8 ಮಿ.ಮೀ. ಮತ್ತು 6.3 ಮಿ.ಮೀ. ಎಂದು ಎರಡು ಅಳತೆ ಸಿಗುತ್ತವೆ. ಅಗಲದ ಲಗ್ಗನ್ನು (ತಂತಿಯ ತುದಿಯಲ್ಲಿರುವ ಲೋಹದ ಕ್ಲಿಪ್ಪನ್ನು) ಚಿಕ್ಕದಕ್ಕೆ ಸಿಕ್ಕಿಸಿದರೆ ಸಡಿಲವಾಗಿ ಕೂತು ಕೈಕೊಡುತ್ತದೆ. ಹೆಚ್ಚು ಹೊತ್ತು ಬರಲೆಂದು ದುಪ್ಪಟ್ಟು ದೊಡ್ಡ ಬ್ಯಾಟರಿ ಹಾಕುವ ಆಸೆ ಬೇಡ. ಪ್ಯಾನೆಲ್ಲಿನ ಚಾರ್ಜರ್ ಚಿಕ್ಕದು, ಕೈಪಿಡಿಯಲ್ಲಿ ಬರೆದ ಮಿತಿ ಮೀರಿದರೆ ದೊಡ್ಡ ಬ್ಯಾಟರಿ ಎಂದೂ ಪೂರ್ತಿ ತುಂಬದು. ಬ್ಯಾಟರಿಯ ಲಗ್ ಬಿಚ್ಚಿ ಚಾರ್ಜರ್ ತಂತಿಗಳಲ್ಲಿ ಅಳೆದರೆ 13.6ರಿಂದ 13.8 ವೋಲ್ಟ್ ಬರಬೇಕು. ಸದಾ 14.2ಕ್ಕಿಂತ ಮೇಲಿದ್ದರೆ ಬ್ಯಾಟರಿ ಉಬ್ಬುತ್ತದೆ. ಆಗ ಮಾತ್ರ ಬೋರ್ಡಿನ ಮೇಲೆ ಅನುಮಾನ ಪಡಿ.

ಪಕ್ಕದ ಜೋನೂ ಸೇರಿಕೊಂಡು ಕೂಗುವುದರ ಗುಟ್ಟು ಆ ಒಂದೇ ಜೋಡಿ ತಂತಿಯಲ್ಲಿದೆ. ಸಾಮಾನ್ಯ ಅಲಾರಂ ಕೇಬಲ್ಲಿನ ಎಳೆ 0.22 ಚದರ ಮಿ.ಮೀ.; ಮೀಟರಿಗೆ ಸುಮಾರು 0.08 ಓಮ್. ಹೋಗಿ ಬರುವ ದಾರಿ 90 ಮೀಟರ್, ಅಂದರೆ 7 ಓಮ್. ಸುಮ್ಮನಿರುವಾಗ ಮೇಲ್ಮಹಡಿ ಎಳೆಯುವುದು ಸುಮಾರು 100 ಮಿಲಿಆಂಪ್, ದಾರಿಯಲ್ಲಿ ಕಳೆಯುವುದು 0.7 ವೋಲ್ಟ್, ಅದು ತಡೆಯುತ್ತದೆ. ಸೈರನ್ ಕೂಗಿದಾಗ ಅದೊಂದೇ 350 ಮಿಲಿಆಂಪ್‌ನಷ್ಟು ಕೇಳುತ್ತದೆ, ಕೀಪ್ಯಾಡ್ ದೀಪ ಹತ್ತಿ ಬೀಪ್ ಆಗುತ್ತದೆ; ಒಟ್ಟು 475ರ ಸುಮಾರು, ನಷ್ಟ 3.3 ವೋಲ್ಟ್. ಅಂಥ ಹೊತ್ತಿನಲ್ಲಿ ಚಾರ್ಜರಿಗೆ ಆಸರೆಯಾಗಬೇಕಾದ ಬ್ಯಾಟರಿ ಸತ್ತಿರುವುದರಿಂದ ಪ್ಯಾನೆಲ್ ಹೊರಗೆ ಕೊಡುವ ವೋಲ್ಟೇಜೇ 12ರ ಕೆಳಗೆ ಜಗ್ಗುತ್ತದೆ. ಪಿಐಆರ್‌ಗೆ ತಲುಪುವುದು 8.5 ಆಸುಪಾಸು. ಬಹುತೇಕ ಪಿಐಆರ್‌ಗಳಿಗೆ ಕನಿಷ್ಠ 9 ವೋಲ್ಟ್ ಬೇಕು. ಅದಕ್ಕಿಂತ ಇಳಿದರೆ ಒಳಗಿನ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಬಿಟ್ಟುಕೊಂಡು ಕಾಂಟ್ಯಾಕ್ಟ್ ತೆರೆಯುತ್ತದೆ, ಪ್ಯಾನೆಲ್ ಅದನ್ನು ಇನ್ನೊಂದು ಕಳ್ಳತನ ಎಂದು ಓದುತ್ತದೆ. ಸೈರನ್ ಸದ್ದಿನಿಂದಲೇ ಮತ್ತೆ ಸೈರನ್.

ಇದಕ್ಕೆ ಪರಿಹಾರ ಅಗ್ಗದ್ದೇ. ಸೈರನ್‌ಗೆ ಬೇರೆಯದೇ ಕೇಬಲ್ ಎಳೆದು ಪ್ಯಾನೆಲ್ಲಿನ ಬೆಲ್ ಟರ್ಮಿನಲ್‌ಗಳಿಗೆ ಕೊಡಿ: ಸಪ್ಲೈ ಪ್ಲಸ್, ಸಪ್ಲೈ ಮೈನಸ್, ಸೈರನ್ ಟ್ರಿಗರ್ (ಕೂಗಲು ಹೇಳುವ ತಂತಿ), ದೀಪದ ಟ್ರಿಗರ್, ಟ್ಯಾಂಪರ್ ವಾಪಸ್. ಐದು ಎಳೆ ಬೇಕು, ಆರೆಳೆಯ ಕೇಬಲ್ ಸಾಕು. ಮೇಲಿನ ಪಿಐಆರ್‌ಗಳ ಕೇಬಲ್ಲಿನಲ್ಲಿ ಖಾಲಿ ಎಳೆಗಳಿದ್ದರೆ ಪ್ಲಸ್ಸಿಗೆ ಎರಡು, ಮೈನಸ್ಸಿಗೆ ಎರಡು ಜೋಡಿಸಿ; ನಷ್ಟ ಅರ್ಧವಾಗುತ್ತದೆ. ಕೇಬಲ್ ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ತಾಮ್ರದ ಬಣ್ಣದಡಿ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ: ಓಮ್ ಒಂದೂವರೆ ಪಟ್ಟು, ಸ್ಕ್ರೂ ಬಿಗಿದಲ್ಲಿ ಮುರಿಯುತ್ತದೆ. ಲ್ಯಾನ್ ಕೇಬಲ್ ಬಳಸುವವರೂ ಇದ್ದಾರೆ. ಅಸಲಿ ತಾಮ್ರದ್ದಾದರೆ ನಡೆಯುತ್ತದೆ, ಆದರೆ ಕೀಪ್ಯಾಡಿನ ಎರಡು ಡೇಟಾ ತಂತಿಗಳನ್ನು ಒಂದೇ ಹೊಸೆದ ಜೋಡಿಯಲ್ಲಿ ಹಾಕಬೇಡಿ. ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರಿ ಕೀಪ್ಯಾಡ್ ಆಗಾಗ ಕಾಣೆಯಾಗುತ್ತದೆ. ಒಂದು ಡೇಟಾ ತಂತಿಗೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಜೊತೆಮಾಡಿ.

ಕೊನೆಗೆ ಉಳಿದದ್ದು ಮೂರನೇ ಜೋನ್. ಇಲ್ಲಿ ಊಹೆ ಬೇಡ, ಒಂದು ಪರೀಕ್ಷೆ ಸಾಕು. ಪಿಐಆರ್ ಡಬ್ಬಿಯೊಳಗೆ ಜೋನಿನ ಎರಡು ತಂತಿಯನ್ನು ಬಿಡಿಸಿ, ಅವುಗಳ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಒಂದನ್ನು ಮಾತ್ರ ಬಿಗಿದು ಬಿಡಿ. ಪ್ಯಾನೆಲ್ ಕಡೆಯ ರೆಸಿಸ್ಟರ್ ತೆಗೆದಿರಬೇಕು, ಮರೆಯಬೇಡಿ. ಪಿಐಆರ್‌ಗೆ ಸಪ್ಲೈ ಇರಲಿ, ಸೆನ್ಸರ್ ಮಾತ್ರ ಜೋನಿನಿಂದ ಹೊರಗೆ. ಹದಿನೈದು ದಿನ ಎಂದಿನಂತೆ ಅಲಾರಂ ಹಾಕಿ. ಮತ್ತೂ ಕೂಗಿದರೆ ತಪ್ಪು ವೈರಿನದು. ಸುಮ್ಮನಾದರೆ ಪಿಐಆರ್‌ನದು ಅಥವಾ ಅದು ನೋಡುತ್ತಿರುವ ಜಾಗದ್ದು.

ವೈರಿನದೆಂದು ಗೊತ್ತಾದರೆ ಮೊದಲ ಶಂಕೆ ಆ ಎ.ಸಿ. ಪೈಪಿನ ಮೇಲೆ. ಕಂಪ್ರೆಸರ್ ಶುರುವಾಗುವಾಗ, ನಿಲ್ಲುವಾಗ ಅದರ ಪವರ್ ವೈರಿನಲ್ಲಿ ಏಳುವ ಹೊಡೆತ ಪಕ್ಕಕ್ಕೆ ಅಂಟಿಕೊಂಡಿರುವ ಸಣ್ಣ ತಂತಿಗೂ ತಾಕುತ್ತದೆ. ಅಲಾರಂನ ಕತೆ ಹಾಗಿರಲಿ, ಪವರ್ ವೈರಿನ ಇನ್ಸುಲೇಷನ್ ಸವೆದರೆ ಮೇನ್ಸ್ ವಿದ್ಯುತ್ ನೇರವಾಗಿ ನೀವು ಬೆರಳಿಡುವ ಕೀಪ್ಯಾಡಿಗೆ ಬರಬಹುದು. ಹೀಗಾಗಿ ಪರೀಕ್ಷೆಯ ಫಲ ಏನೇ ಬಂದರೂ ಅಲಾರಂ ಕೇಬಲನ್ನು ಆ ಪೈಪಿನಿಂದ ಹೊರಗೆ ತೆಗೆಯಲೇಬೇಕು. ಪವರ್ ವೈರಿಗೆ ಸಮಾನಾಂತರವಾಗಿ ಹೋಗುವಲ್ಲಿ ಒಂದು ಗೇಣಾದರೂ ಅಂತರ ಬಿಡಿ, ದಾಟಲೇಬೇಕಾದಲ್ಲಿ ನೇರ ಅಡ್ಡಕ್ಕೆ ದಾಟಿಸಿ. ಎರಡನೇ ಶಂಕೆ ದಾರಿಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟ್. ಹಗಲು ಒಣಗಿ ಸರಿಯಿರುವ ಅಂಥ ಜಾಯಿಂಟ್ ರಾತ್ರಿಯ ತೇವಕ್ಕೆ ಓಮ್ ಬದಲಿಸುತ್ತದೆ. ಬೆಸುಗೆ ಹಾಕಿ ಸ್ಲೀವ್ ಏರಿಸಿ, ಇಲ್ಲವೇ ಜಂಕ್ಷನ್ ಬಾಕ್ಸ್ ಹಾಕಿ.

ಪಿಐಆರ್‌ನದಾದರೆ ಕೆಳಗಿಳಿಸಿ ಹಿಂಭಾಗ ನೋಡಿ. ಗೋಡೆಯೊಳಗಿನ ಪೈಪಿನ ಬಾಯಿ ಸರಿಯಾಗಿ ಸೆನ್ಸರಿನ ಬೆನ್ನಿಗೆ ತೆರೆದಿರುತ್ತದೆ, ಅದರಿಂದ ಬರುವ ತಣ್ಣನೆಯ ಗಾಳಿ ಒಳಗಿನ, ಶಾಖ ಗುರುತಿಸುವ ಪೈರೋ ಸೆನ್ಸರಿಗೆ ಬಡಿಯುತ್ತದೆ. ನಿಮ್ಮಲ್ಲಿ ಅದು ಎ.ಸಿ. ಪೈಪೇ ಆಗಿರುವುದರಿಂದ ಈ ಅನುಮಾನ ನನಗೆ ಜಾಸ್ತಿ. ಕೇಬಲ್ ತೂರಿದ ರಂಧ್ರಕ್ಕೆ ಸಿಲಿಕೋನ್ ತುಂಬಿ. ಅದೇ ರಂಧ್ರದಿಂದ ಇರುವೆ, ಜೇಡ ಒಳಗೆ ಸೇರುತ್ತವೆ. ಲೆನ್ಸಿನ ಒಳಮೈ ಮೇಲೆ ನಡೆಯುವ ಪುಟ್ಟ ಜೇಡ ಸೆನ್ಸರಿನ ಕಣ್ಣಿಗೆ ಕೋಣೆ ದಾಟುವ ಆಳಿನಷ್ಟೇ ದೊಡ್ಡದು. ಎ.ಸಿ. ಗಾಳಿಗೆ ಪರದೆ ಅಲುಗಾಡುವ ಕಡೆಗೆ, ಬಿಸಿಲು ಬೀಳುವ ಕಿಟಕಿಯ ಕಡೆಗೆ ಮುಖ ಮಾಡಿಸಬೇಡಿ. ಎತ್ತರ 2.1ರಿಂದ 2.4 ಮೀಟರ್ ಇರಲಿ. ಬರುವವರು ಸೆನ್ಸರಿನತ್ತ ನೇರ ನಡೆದು ಬರುವುದಕ್ಕಿಂತ ಅದರ ಮುಂದೆ ಅಡ್ಡಲಾಗಿ ದಾಟುವಂತೆ ಮೂಲೆ ಆರಿಸಿ. ಅದು ಚೆನ್ನಾಗಿ ಹಿಡಿಯುವುದು ಅಡ್ಡ ಚಲನೆಯನ್ನೇ. ಪಲ್ಸ್ ಕೌಂಟ್ ಜಂಪರನ್ನು (ಎಷ್ಟು ಸಲ ಚಲನೆ ಕಂಡರೆ ಅಲಾರಂ ಕೊಡಬೇಕೆಂದು ನಿಗದಿ ಮಾಡುವ ಪಿನ್ನನ್ನು) ಒಂದರಿಂದ ಎರಡಕ್ಕೆ ಏರಿಸಬಹುದು, ಆದರೆ ಅದರಿಂದ ಸೆನ್ಸರ್ ಸ್ವಲ್ಪ ಮಂದವಾಗುತ್ತದೆ. ಕಾರಣ ಹುಡುಕದೆ ಇದನ್ನೇ ಮೊದಲು ಮಾಡುವುದು ಸೋಮಾರಿ ರಿಪೇರಿ.

ವೈರ್‌ಲೆಸ್ ವಿಚಾರ. ವೈರ್ ಎಳೆಯಲಾಗದ ಕಡೆ ಅದು ಒಳ್ಳೆಯ ಆಯ್ಕೆ. ನಿಮ್ಮ ಪ್ಯಾನೆಲ್ಲಿಗೆ ರಿಸೀವರ್ ಸೇರಿಸಲು ಬರುವುದಾದರೆ ಮೂರನೇ ಜೋನಿಗೆ ಮಾತ್ರ ಒಂದು ವೈರ್‌ಲೆಸ್ ಪಿಐಆರ್ ಹಾಕಿ ಆ ಪೈಪಿನ ತಂಟೆಯನ್ನೇ ಬಿಡಬಹುದು. ಆದರೆ ಪ್ರತಿ ಸೆನ್ಸರಿಗೂ ಬ್ಯಾಟರಿ, ಕೆಲವು ವರ್ಷಕ್ಕೊಮ್ಮೆ ಬದಲಿಸುವ ಕೆಲಸ. ಕಬ್ಬಿಣದ ಬಾಗಿಲು, ದಪ್ಪ ಕಾಂಕ್ರೀಟ್ ಸಿಗ್ನಲ್ ತಡೆಯುತ್ತವೆ. ಸಿಗ್ನಲ್ ಅಡಗಿಸುವ ಜ್ಯಾಮರ್ ಗುರುತಿಸುವ, ಸೆನ್ಸರ್ ಕಾಣೆಯಾದರೆ ತಿಳಿಸುವ ಸೌಲಭ್ಯ ಅಗ್ಗದವುಗಳಲ್ಲಿ ಇರುವುದಿಲ್ಲ. ಜೇಡ, ಗಾಳಿ, ಬಿಸಿಲಿಗೆ ವೈರ್‌ಲೆಸ್ ಪಿಐಆರ್ ಕೂಡ ಅಷ್ಟೇ ಮೋಸಹೋಗುತ್ತದೆ. ಆಗಲೇ ಎಳೆದ ವೈರ್ ಇರುವಾಗ ಎಲ್ಲ ಬದಲಿಸುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ.

ಕೆಲಸಕ್ಕಿಳಿಯುವ ಕ್ರಮ ಹೇಳಿಬಿಡುತ್ತೇನೆ. ಪ್ಯಾನೆಲನ್ನು ಮೊದಲು ಇಂಜಿನಿಯರ್ ಮೋಡ್‌ಗೆ (ರಿಪೇರಿಗೆಂದೇ ಇರುವ ಸ್ಥಿತಿಗೆ) ಹಾಕಿ, ಇಲ್ಲದಿದ್ದರೆ ಮುಚ್ಚಳ ತೆಗೆದ ಕ್ಷಣ ಟ್ಯಾಂಪರ್ ಕೂಗುತ್ತದೆ. ಆಮೇಲೆ ಸೈರನ್ ಹತ್ತಿರ ಹೋಗಿ ಅದರೊಳಗಿನ ಬ್ಯಾಟರಿ ಬಿಚ್ಚಿ, ಕಿವಿಗೆ ಇಯರ್‌ಪ್ಲಗ್ ಇರಲಿ. ಏಣಿಯ ಮೇಲೆ ನಿಂತಾಗ 100 ಡೆಸಿಬೆಲ್ ಮೀರಿದ ಸದ್ದು ಒಂದಡಿ ದೂರದಲ್ಲಿ ಹೊಡೆದರೆ ಕೈ ತಪ್ಪುವುದು ಖಂಡಿತ. ಬಳಿಕ ಪ್ಯಾನೆಲ್ಲಿನ ಬ್ಯಾಟರಿಯ ಲಗ್, ಆಮೇಲೆ ಮೇನ್ಸ್. ಪ್ಯಾನೆಲ್ ಮೇನ್ಸ್ ಈಗ ಪ್ಲಗ್ಗಿನಲ್ಲಿದ್ದರೆ, ಯಾರೂ ಆಫ್ ಮಾಡದಂಥ ಫ್ಯೂಸ್ ಸಹಿತ ಸ್ಥಿರ ಸಂಪರ್ಕಕ್ಕೆ ಬದಲಿಸಿ, ಅರ್ಥಿಂಗ್ ಕೊಡಿಸಿ. ಈ ಒಂದು ಭಾಗ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಲಿ.

ಪ್ರತಿ ಜೋನಿನ ತಂತಿಯನ್ನು ಟರ್ಮಿನಲ್‌ನಿಂದ ಬಿಡಿಸಿಯೇ ಓಮ್ ಅಳೆಯಿರಿ; ಬೋರ್ಡಿಗೆ ಸೇರಿರುವಾಗ ಅಳೆದ ಅಂಕಿಗೆ ಅರ್ಥವಿಲ್ಲ. ಪಿಐಆರ್‌ಗೆ ಸಪ್ಲೈ ಇಲ್ಲದಾಗ ಅದರ ರಿಲೇ ತೆರೆದಿರುವುದರಿಂದ ಆ ಜೋನ್ 9.4 ತೋರಿಸಿದರೆ ಗಾಬರಿ ಬೇಡ, ಅದೇ ಸರಿ. ಬಾಗಿಲು ಮುಚ್ಚಿ ಅಳೆದರೆ 4.7, ತೆರೆದರೆ 9.4 ಬರಬೇಕು. ಬಾಗಿಲ ಮ್ಯಾಗ್ನೆಟ್‌ಗೂ ಸ್ವಿಚ್ಚಿಗೂ 5ರಿಂದ 10 ಮಿ.ಮೀ.ಗಿಂತ ಹೆಚ್ಚು ಅಂತರ ಬಿಡಬೇಡಿ. ಕಬ್ಬಿಣದ ಬಾಗಿಲಾದರೆ ಲೋಹ ಮ್ಯಾಗ್ನೆಟ್‌ನ ಬಲವನ್ನೇ ಕುಡಿಯುತ್ತದೆ, ಅದಕ್ಕೆಂದೇ ಸ್ಪೇಸರ್ ಇರುವ ಬಗೆ ಸಿಗುತ್ತದೆ.

ಮತ್ತೆ ಜೋಡಿಸುವಾಗ ಮೇನ್ಸ್ ಮೊದಲು, ಬ್ಯಾಟರಿ ಆಮೇಲೆ. ಹಲವು ಪ್ಯಾನೆಲ್‌ಗಳು ಬರೀ ಬ್ಯಾಟರಿಯಿಂದ ಚಾಲೂ ಆಗುವುದೇ ಇಲ್ಲ. ಕೆಂಪು, ಕಪ್ಪು ಅದಲುಬದಲಾದರೆ ಫ್ಯೂಸ್ ಹೋಗುತ್ತದೆ, ಅದೃಷ್ಟ ಕೆಟ್ಟಿದ್ದರೆ ಬೋರ್ಡೂ ಹೋಗುತ್ತದೆ. ಸೈರನ್ ಬ್ಯಾಟರಿ ಕಡೆಯದು. ಒಂದು ದಿನ ಪೂರ್ತಿ ಚಾರ್ಜ್ ಆದ ಮೇಲೆ ಮೇನ್ಸ್ ಆಫ್ ಮಾಡಿ ನಾಲ್ಕು ಗಂಟೆ ಬಿಡಿ. ಆ ಸ್ಥಿತಿಯಲ್ಲೇ ಸೈರನ್ ಕೂಗಿಸಿ ಮೇಲಿನ ಪಿಐಆರ್‌ನ ಪ್ಲಸ್ ಮೈನಸ್ ನಡುವೆ ಮೀಟರ್ ಹಿಡಿಯಿರಿ: 10.5 ವೋಲ್ಟ್‌ಗಿಂತ ಮೇಲಿದ್ದರೆ ವೈರಿಂಗ್ ಸರಿಯಾಗಿದೆ. ಹಾಗೆಯೇ ಕಾರ್ಖಾನೆಯಿಂದ ಬಂದ ಇಂಜಿನಿಯರ್ ಕೋಡ್ ಬದಲಿಸಿ. ಅದು ಪ್ರತಿ ಕೈಪಿಡಿಯಲ್ಲೂ ಅಚ್ಚಾಗಿರುತ್ತದೆ. ಯಾವ ಜೋನ್ ಯಾವ ಕೋಣೆ, ರೆಸಿಸ್ಟರ್ ಎಷ್ಟು, ಬ್ಯಾಟರಿ ಹಾಕಿದ ತಾರೀಖು ಯಾವುದು ಎಂಬುದನ್ನು ಪ್ಯಾನೆಲ್ ಮುಚ್ಚಳದ ಒಳಮೈಗೆ ಬರೆದು ಅಂಟಿಸಿ. ಹೊಸ ಕೋಡನ್ನು ಮಾತ್ರ ಅಲ್ಲಿ ಬರೆಯಬೇಡಿ.